ಪ್ರಾಕ್ಸಿ ತಾಣಕ್ಕೆ ಬಾಡಿಗೆ ಜಾಗ ಹುಡುಕುವ ಮುನ್ನ



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ಪ್ರಶ್ನೆ ಕಳುಹಿಸಿದ್ದಾನೆ. ಅವನೀಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಸೋದರಮಾವ ದುಬೈಯಲ್ಲಿ, ಅಕ್ಕ ಮತ್ತು ಭಾವ ಅಮೆರಿಕದಲ್ಲಿ. ಅವರಲ್ಲದೆ ಇನ್ನೂ ಹಲವು ಮಂದಿ ನೆಂಟರಿಷ್ಟರು ಹೊರದೇಶಗಳಲ್ಲಿದ್ದಾರೆ. ಭಾರತದ ಕೆಲವು ಸರ್ಕಾರಿ ಜಾಲತಾಣಗಳು ಹೊರದೇಶದ ವಿಳಾಸಗಳಿಂದ ತೆರೆದುಕೊಳ್ಳುವುದಿಲ್ಲವೆಂಬುದು ನಿಮ್ಮಲ್ಲಿ ಅನೇಕರಿಗೆ ಅನುಭವದಿಂದಲೇ ಗೊತ್ತಿದೆ. ತಾಣ ತೆರೆಯದಿದ್ದಾಗ ಅವರೆಲ್ಲರೂ ಇವನಿಗೆ ಫೋನು ಮಾಡುತ್ತಾರೆ. ‘ಸರ್, ಭಾರತದಲ್ಲಿಯೇ ಒಂದು ಸರ್ವರ್ ಬಾಡಿಗೆಗೆ ಹಿಡಿದು ಅದರಲ್ಲಿ ಒಂದು ಪ್ರಾಕ್ಸಿ ತಾಣ ಇಟ್ಟುಬಿಡೋಣ ಎಂದಿದ್ದೇನೆ. ಮೂವತ್ತು ಮನೆಯವರು ಬಳಸಬಹುದು. ಯಾವ ಹೋಸ್ಟಿಂಗ್ ನಂಬಬಹುದು? ಅಗ್ಗವಾಗಿಯೂ ಇರಬೇಕು’ ಎಂದು ಕೇಳಿದ್ದಾನೆ. ಕೊನೆಗೆ ನಾಲ್ಕು ಕಂಪನಿಗಳ ಹೆಸರನ್ನೂ ದರವನ್ನೂ ಬರೆದು, ಒಂದಕ್ಕೆ ಗುರುತು ಹಾಕಿ ಎಂದಿದ್ದಾನೆ, ಪ್ರಶ್ನೆಪತ್ರಿಕೆಯಲ್ಲಿ ಸರಿಯುತ್ತರವನ್ನು ಆರಿಸುವಂತೆ.

ನಾನು ಯಾವುದಕ್ಕೂ ಗುರುತು ಹಾಕಲಿಲ್ಲ. ಮೂವತ್ತಮೂರು ವರ್ಷ ಗಣಿತ ಹೇಳಿಕೊಟ್ಟವನಿಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವೇನು ಎಂದು ನೀವು ಕೇಳಬಹುದು. ನಿವೃತ್ತಿಯ ನಂತರ ಈ ಪುಟಗಳನ್ನು ನಾನೇ ನೋಡಿಕೊಳ್ಳುತ್ತ ಬಂದಿದ್ದೇನೆ. ಎರಡು ಬಾರಿ ಹೋಸ್ಟಿಂಗ್ ಬದಲಿಸಿದ್ದೇನೆ. ಕರಾರುಪತ್ರಗಳನ್ನು ಕೊನೆಯ ಸಾಲಿನವರೆಗೆ ಓದುವ ತಾಳ್ಮೆಯೂ ವಯಸ್ಸಿನೊಂದಿಗೆ ಬಂದಿದೆ. ಅದಕ್ಕಿಂತ ಮುಖ್ಯವಾಗಿ, ಅವನ ಪ್ರಶ್ನೆಯಲ್ಲಿ ಯಂತ್ರದ ಮಾತು ಅರ್ಧ ಮಾತ್ರ, ಉಳಿದರ್ಧ ನಂಬಿಕೆಯದು ಎಂದು ನನಗೆ ತೋರಿತು. ಆದುದರಿಂದ ಅವನಿಗೆ ಕೊಡುವ ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಇಷ್ಟೇ: ಜಾಗ ಕೊಡುವವನ ಬಳಿ ‘ನಾನು ಇಲ್ಲಿ ಇಡುವುದು ಪ್ರಾಕ್ಸಿ, ಬಳಸುವವರು ಇಂಥವರು’ ಎಂದು ಮೊದಲೇ ಬರೆದು ಹೇಳಿ, ಅವನಿಂದ ಲಿಖಿತ ಒಪ್ಪಿಗೆ ಪಡೆಯಲು ಸಾಧ್ಯವಾಗುವ ಜಾಗವೇ ಪ್ರಾಕ್ಸಿ ತಾಣಕ್ಕೆ ನಂಬಬಹುದಾದ ಜಾಗ. ದರ, ವೇಗ, ಜಾಹೀರಾತಿನ ಶೇಕಡಾವಾರುಗಳೆಲ್ಲ ಅನಂತರದ ಮಾತು. ಹಾಗೆ ಹೇಳಿಕೊಳ್ಳಲಾಗದ ಪ್ರಾಕ್ಸಿಯಾದರೆ ಅದನ್ನು ನಡೆಸದಿರುವುದೇ ಲೇಸು.

ಪ್ರಾಕ್ಸಿ ಎಂದೊಡನೆ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಕಾಲೇಜಿನಲ್ಲಿ ಗೆಳೆಯನ ಪರವಾಗಿ ‘ಪ್ರೆಸೆಂಟ್ ಸರ್’ ಎಂದು ಕೂಗಿದ ಪ್ರಾಕ್ಸಿ ಅಟೆಂಡೆನ್ಸ್ ನೆನಪಾಗುವುದು ಸಹಜ. ಅಂತರಜಾಲದ ಪ್ರಾಕ್ಸಿಯ ಕೆಲಸವೂ ಅಂಥದೇ, ಒಬ್ಬರ ಪರವಾಗಿ ಇನ್ನೊಬ್ಬರು ಓಗೊಡುವುದು. ದುಬೈಯಲ್ಲಿರುವ ಮಾವ ನೇರವಾಗಿ ಬೆಂಗಳೂರಿನ ತಾಣವನ್ನು ಕೇಳುವುದಿಲ್ಲ. ನಡುವೆ ಇರುವ ಯಂತ್ರವನ್ನು ಕೇಳುತ್ತಾರೆ. ಆ ಯಂತ್ರ ತನ್ನ ಹೆಸರಿನಲ್ಲಿ ಪುಟವನ್ನು ತರಿಸಿಕೊಂಡು ಮಾವನಿಗೆ ಒಪ್ಪಿಸುತ್ತದೆ. ಬೆಂಗಳೂರಿನ ತಾಣಕ್ಕೆ ಕಾಣುವುದು ನಡುವಿನ ಯಂತ್ರದ ವಿಳಾಸ ಮಾತ್ರ.

ನಮ್ಮ ಕುಂದಾಪುರದ ಕಡೆಯ ಹಳ್ಳಿಗಳಲ್ಲಿ ಈ ಕೆಲಸವನ್ನು ಹಿಂದೆ ಶಾಲೆಯ ಮಾಸ್ತರರೂ ಅಂಚೆಯವರೂ ಮಾಡುತ್ತಿದ್ದರು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಮಕ್ಕಳು ಬರೆದ ಇನ್‌ಲ್ಯಾಂಡ್ ಪತ್ರಗಳನ್ನು ಹಿಡಿದು ತಾಯಂದಿರು ಶಾಲೆಯ ಜಗಲಿಗೆ ಬರುತ್ತಿದ್ದರು. ‘ಮಾಸ್ಟ್ರೇ, ಇದೊಂದು ಓದಿ ಹೇಳಿ’ ಎನ್ನುತ್ತಿದ್ದರು. ಓದಿ ಹೇಳಿದ ಮೇಲೆ ಉತ್ತರವನ್ನೂ ನಾವೇ ಬರೆಯಬೇಕು. ಯಾರ ಮನೆಯಲ್ಲಿ ಸಾಲವಿದೆ, ಯಾರ ಮಗ ಮೂರು ತಿಂಗಳಿಂದ ಮನಿಯಾರ್ಡರ್ ಕಳುಹಿಸಿಲ್ಲ, ಯಾವ ಹುಡುಗಿಗೆ ಎಲ್ಲಿ ಸಂಬಂಧ ನೋಡುತ್ತಿದ್ದಾರೆ ಎಂಬುದೆಲ್ಲ ಓದುವವನಿಗೆ ಗೊತ್ತಾಗುತ್ತಿತ್ತು. ಅದನ್ನು ಜಗಲಿಯಿಂದ ಕೆಳಗಿಳಿಯಲು ಬಿಡಬಾರದು ಎಂಬುದು ಯಾವ ಕಾನೂನಿನಲ್ಲಿಯೂ ಬರೆದಿರಲಿಲ್ಲ; ಆದರೆ ಒಮ್ಮೆ ಬಾಯಿಬಿಟ್ಟ ಮಾಸ್ತರನ ಬಳಿಗೆ ಮತ್ತೆ ಯಾರೂ ಪತ್ರ ತರುತ್ತಿರಲಿಲ್ಲ. ಪ್ರಾಕ್ಸಿ ನಡೆಸುವವನು ಇಂದು ಕುಳಿತಿರುವುದು ಅದೇ ಜಾಗದಲ್ಲಿ. ವ್ಯತ್ಯಾಸವೆಂದರೆ, ಆ ಜಗಲಿ ಶಾಲೆಯದಾಗಿತ್ತು. ಇವನ ಜಗಲಿ ಬಾಡಿಗೆಯದು, ಅದರ ಮಾಲೀಕನ ಬಳಿ ಇನ್ನೊಂದು ಬೀಗದಕೈ ಇರುತ್ತದೆ.

ಪ್ರಾಕ್ಸಿ ಎಂಬುದೇ ಕಳ್ಳದಾರಿ ಎಂದು ಹೇಳುವವರೂ ಇದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. 2003ರ ಸೆಪ್ಟೆಂಬರಿನಲ್ಲಿ ಮೇಘಾಲಯಕ್ಕೆ ಸಂಬಂಧಿಸಿದ ಒಂದೇ ಒಂದು ಯಾಹೂ ಗುಂಪನ್ನು ತಡೆಯಬೇಕೆಂದು ಕೇಂದ್ರದಿಂದ ಆದೇಶ ಬಂದಾಗ, ಅಂತರಜಾಲ ಸೇವೆಯ ಕಂಪನಿಗಳು ಯಾಹೂ ಗುಂಪುಗಳೆಲ್ಲವನ್ನೂ ಒಟ್ಟಿಗೆ ಮುಚ್ಚಿಬಿಟ್ಟವು. 2006ರ ಜುಲೈನಲ್ಲಿ ಮತ್ತೆ ಹಾಗೆಯೇ ಆಯಿತು. ಇಪ್ಪತ್ತಕ್ಕೂ ಕಡಿಮೆ ಪುಟಗಳನ್ನು ತಡೆಯಿರಿ ಎಂಬ ಆದೇಶಕ್ಕೆ ಉತ್ತರವಾಗಿ ಬ್ಲಾಗ್‌ಸ್ಪಾಟ್, ಟೈಪ್‌ಪ್ಯಾಡ್, ಜಿಯೋಸಿಟೀಸ್ ತಾಣಗಳೇ ಕೆಲವು ದಿನ ಅನೇಕರಿಗೆ ಸಿಗದಂತಾದವು. ಅದೇ ತಾನೇ ಕಣ್ಣುಬಿಡುತ್ತಿದ್ದ ಕನ್ನಡದ ಬ್ಲಾಗುಗಳಲ್ಲಿ ಬಹುಪಾಲು ಇದ್ದದ್ದು ಬ್ಲಾಗ್‌ಸ್ಪಾಟಿನಲ್ಲಿಯೇ. ಆಗ ಭಾರತದ ಓದುಗರಿಗೆ ನೆರವಾದ ದಾರಿಗಳಲ್ಲೊಂದು ಪಿಕೆ ಬ್ಲಾಗ್ಸ್ ಎಂಬ ಪ್ರಾಕ್ಸಿ ತಾಣ. ಅದೇ ವರ್ಷದ ಆರಂಭದಲ್ಲಿ ಪಾಕಿಸ್ತಾನದಲ್ಲಿ ಬ್ಲಾಗ್‌ಸ್ಪಾಟ್ ನಿಷೇಧವಾದಾಗ ಅಲ್ಲಿನ ಓದುಗರಿಗಾಗಿ ಹುಟ್ಟಿಕೊಂಡದ್ದು ಅದು. ಪಾಕಿಸ್ತಾನದವರಿಗಾಗಿ ತೆರೆದ ಬಾಗಿಲಿನಿಂದ ಭಾರತದವರು ತಮ್ಮ ಬ್ಲಾಗುಗಳನ್ನು ಓದಿದರು.

ಇನ್ನೊಂದು ಉದಾಹರಣೆ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳದು. ಮನೆಯಲ್ಲಿ ಕುಳಿತ ಸಂಶೋಧನಾ ವಿದ್ಯಾರ್ಥಿಗೆ ಗ್ರಂಥಾಲಯ ಚಂದಾ ಕಟ್ಟಿದ ನಿಯತಕಾಲಿಕೆಗಳನ್ನು ಓದಿಸುವ ಈಜಿಪ್ರಾಕ್ಸಿ ಎಂಬ ತಂತ್ರಾಂಶ 1999ರಲ್ಲಿ ಬಂದಿತು. 2008ರಲ್ಲಿ ಅದನ್ನು ಓಸಿಎಲ್‌ಸಿ ಎಂಬ ಗ್ರಂಥಾಲಯ ಸಂಸ್ಥೆ ಕೊಂಡುಕೊಂಡಿತು. ಗ್ರಂಥಾಲಯದ ಪ್ರಾಕ್ಸಿ ಹೇಗೆ ನಡೆಯುತ್ತದೆ ಎಂಬುದನ್ನು ಗಮನಿಸಿರಿ. ಯಾರು ಬಳಸಬಹುದು ಎಂಬ ಪಟ್ಟಿಯಿದೆ. ಪ್ರತಿಯೊಬ್ಬರಿಗೂ ಹೆಸರು, ಪಾಸ್‌ವರ್ಡ್ ಇದೆ. ಯಾವ ತಾಣಗಳಿಗೆ ದಾರಿ ಎಂಬುದು ಗೊತ್ತುಪಡಿಸಿದೆ. ಪ್ರಕಾಶಕರಿಗೂ ಇದು ತಿಳಿದಿದೆ. ಯಾರಿಂದಲೂ ಮುಚ್ಚಿಡುವುದೇನೂ ಇಲ್ಲ. ಮೂವತ್ತು ಮನೆಗಳ ಪ್ರಾಕ್ಸಿಗೂ ಇದೇ ಮಾದರಿಯಾಗಲಿ ಎಂಬುದು ನನ್ನ ಸಲಹೆ.

ಈಗ ಜಾಗದ ಮಾತಿಗೆ ಬರೋಣ. ಹೋಸ್ಟಿಂಗಿನಲ್ಲಿ ಸ್ಥೂಲವಾಗಿ ಮೂರು ಬಗೆ. ಒಂದೇ ಯಂತ್ರದಲ್ಲಿ ನೂರಾರು ತಾಣಗಳು ಒಟ್ಟಿಗೆ ಇರುವ ಶೇರ್ಡ್ ಹೋಸ್ಟಿಂಗ್ ನಮ್ಮ ಹಳೆಯ ವಠಾರದಂತೆ. ಒಂದು ಯಂತ್ರವನ್ನು ಗೋಡೆ ಹಾಕಿ ಭಾಗಮಾಡಿ ಕೊಡುವ ವಿಪಿಎಸ್ ಫ್ಲ್ಯಾಟಿನಂತೆ. ಇಡೀ ಯಂತ್ರವೇ ನಿಮಗೆಂದು ಕೊಡುವುದು ಒಂಟಿಮನೆಯಂತೆ. ಅತ್ಯಂತ ಅಗ್ಗ ವಠಾರ. ಆದರೆ ಶೇರ್ಡ್ ಹೋಸ್ಟಿಂಗ್ ಕೊಡುವ ಅನೇಕ ಕಂಪನಿಗಳ ನಿಯಮಾವಳಿಯಲ್ಲಿ ಪ್ರಾಕ್ಸಿ ತಂತ್ರಾಂಶ ಇಡಕೂಡದೆಂದು ಸ್ಪಷ್ಟವಾಗಿ ಬರೆದಿರುತ್ತದೆ. ‘ಅನ್‌ಲಿಮಿಟೆಡ್’ ಎಂದು ದೊಡ್ಡ ಅಕ್ಷರದಲ್ಲಿ ಹೇಳುವವರೂ ಈ ಮಾತನ್ನು ಸಣ್ಣ ಅಕ್ಷರದಲ್ಲಿ ಸೇರಿಸಿರುತ್ತಾರೆ. ಅದರಲ್ಲಿ ಅನ್ಯಾಯವೇನೂ ಇಲ್ಲ. ವಠಾರದ ಒಂದು ಮನೆಯವರು ದಿನವಿಡೀ ನಲ್ಲಿ ಬಿಟ್ಟರೆ ಉಳಿದವರಿಗೆ ನೀರು ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಮೂವತ್ತು ಮನೆಯವರು ದಿನಕ್ಕೆ ಅರವತ್ತು ಪುಟ ನೋಡಿದರೆ 1800 ಪುಟ. ಪುಟವೊಂದಕ್ಕೆ 3 ಎಂಬಿ ಎಂದುಕೊಂಡರೆ 5400 ಎಂಬಿ, ಅಂದರೆ 5.4 ಜಿಬಿ. ಸಾಮಾನ್ಯ ಜಾಲತಾಣವಾದರೆ ಲೆಕ್ಕ ಇಲ್ಲಿಗೆ ಮುಗಿಯಿತು. ಪ್ರಾಕ್ಸಿಯಲ್ಲಿ ಹಾಗಲ್ಲ, ಪುಟ ಮೊದಲು ಒಳಗೆ ಬರಬೇಕು, ಆಮೇಲೆ ಹೊರಗೆ ಹೋಗಬೇಕು. ಆದ್ದರಿಂದ 10.8 ಜಿಬಿ, ಮೂವತ್ತು ದಿನಕ್ಕೆ 324 ಜಿಬಿ. ಕೆಲವು ಕಂಪನಿಗಳು ಹೊರಹೋಗುವುದನ್ನು ಮಾತ್ರ ಎಣಿಸುತ್ತವೆ, ಕೆಲವು ಎರಡನ್ನೂ. ಇದನ್ನು ಮೊದಲೇ ಕೇಳಿಕೊಳ್ಳಬೇಕು. ಇನ್ನು ಮಾವನವರು ಪಹಣಿ ನೋಡಿದ ಮೇಲೆ ಅದೇ ದಾರಿಯಲ್ಲಿ ಕ್ರಿಕೆಟ್ಟನ್ನೂ ನೋಡಿದರೆಂದು ಇಟ್ಟುಕೊಳ್ಳಿ. ಸ್ಪಷ್ಟವಾದ ವೀಡಿಯೊ ಗಂಟೆಗೆ ಸುಮಾರು 3 ಜಿಬಿ ಎಂದರೆ ಎಂಟು ಗಂಟೆಯ ಪಂದ್ಯಕ್ಕೆ 24, ಎರಡು ದಾರಿಗೆ 48 ಜಿಬಿ. ಒಂದೇ ಮನೆ, ಒಂದೇ ದಿನ! ಆದುದರಿಂದ ಯಾವ ತಾಣಗಳಿಗೆ ಮಾತ್ರ ದಾರಿ ಎಂದು ಮೊದಲೇ ಮಿತಿ ಹಾಕಿಕೊಂಡರೆ ದುಡ್ಡೂ ಉಳಿಯುತ್ತದೆ, ಮುಜುಗರವೂ ತಪ್ಪುತ್ತದೆ. ಇಂಥ ಕೆಲಸಕ್ಕೆ ಸಣ್ಣ ವಿಪಿಎಸ್ ಸಾಕು, ವಠಾರ ಬೇಡ.

ಜಾಹೀರಾತುಗಳಲ್ಲಿ ಕಾಣುವ ‘ಶೇಕಡಾ 99.9 ಅಪ್‌ಟೈಮ್’ ಎಂಬ ಮಾತನ್ನೂ ಲೆಕ್ಕದಿಂದಲೇ ಓದಬೇಕು. ಮೂವತ್ತು ದಿನಗಳ ತಿಂಗಳಿಗೆ 43,200 ನಿಮಿಷಗಳು. ಶೇಕಡಾ 99.9 ಎಂದರೆ 43 ನಿಮಿಷ ಬಾಗಿಲು ಮುಚ್ಚಿದ್ದರೂ ಮಾತಿಗೆ ತಪ್ಪಿದಂತಲ್ಲ. ಶೇಕಡಾ 99 ಎಂದರೆ ಏಳು ಗಂಟೆಗಿಂತ ಹೆಚ್ಚು, ಶೇಕಡಾ 99.99 ಎಂದರೆ ನಾಲ್ಕು ನಿಮಿಷದ ಆಸುಪಾಸು. ಮಾತು ತಪ್ಪಿದರೆ ಏನು ಕೊಡುತ್ತೀರಿ ಎಂದು ಕೇಳಿದರೆ, ಸಾಮಾನ್ಯವಾಗಿ ಬಾಡಿಗೆಯಲ್ಲಿ ಒಂದಿಷ್ಟು ಮನ್ನಾ ಎಂಬುದಷ್ಟೇ ಉತ್ತರ. ನಷ್ಟವಾದದ್ದು ತುಂಬಿಕೊಡುವವರು ಯಾರೂ ಇಲ್ಲ.

ದೊಡ್ಡ ಕಂಪನಿಯಾದರೆ ಭಯವಿಲ್ಲ ಎನ್ನುವವರಿಗೆ 2021ರ ಮಾರ್ಚ್ 10ರ ಸಂಗತಿಯನ್ನು ನೆನಪಿಸುತ್ತೇನೆ. ಯುರೋಪಿನ ದೊಡ್ಡ ಹೋಸ್ಟಿಂಗ್ ಕಂಪನಿಗಳಲ್ಲಿ ಒಂದಾದ ಫ್ರಾನ್ಸಿನ ಓವಿಎಚ್‌ನ ಸ್ಟ್ರಾಸ್‌ಬರ್ಗ್ ಕೇಂದ್ರಕ್ಕೆ ಬೆಂಕಿ ಬಿದ್ದಿತು. ಐದು ಅಂತಸ್ತಿನ ಒಂದು ಕಟ್ಟಡ ಪೂರ್ತಿ ಸುಟ್ಟಿತು, ಪಕ್ಕದ ಇನ್ನೊಂದರ ಒಂದು ಭಾಗ ಹಾಳಾಯಿತು. ಸುಮಾರು 36 ಲಕ್ಷ ಜಾಲತಾಣಗಳು ಸ್ಥಗಿತವಾದುವೆಂದು ನೆಟ್‌ಕ್ರಾಫ್ಟ್ ಸಂಸ್ಥೆ ಲೆಕ್ಕ ಹಾಕಿತು. ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟುಕೊಂಡಿದ್ದ ಕೆಲವರಿಗೆ ಅದೂ ಉಳಿಯಲಿಲ್ಲ. ಎಷ್ಟು ದೊಡ್ಡ ಹೆಸರಾದರೂ ನಮ್ಮ ಸಾಮಾನಿನ ಇನ್ನೊಂದು ಪ್ರತಿ ನಮ್ಮ ಕೈಯಲ್ಲಿ ಬೇರೆ ಕಡೆ ಇರಬೇಕು. ಪ್ರಾಕ್ಸಿಯ ವಿಷಯದಲ್ಲಿ ಇದು ಸುಲಭ. ಕಾಪಾಡಬೇಕಾದದ್ದು ನಾಲ್ಕಾರು ಸಂರಚನೆಯ ಕಡತಗಳು ಮತ್ತು ಬಳಕೆದಾರರ ಪಟ್ಟಿ ಮಾತ್ರ. ಡೊಮೇನ್ ಹೆಸರನ್ನು ಮಾತ್ರ ಹೋಸ್ಟಿಂಗ್ ಕಂಪನಿಯಲ್ಲದೆ ಬೇರೆಯವರಲ್ಲಿ, ನಿಮ್ಮ ಸ್ವಂತ ಹೆಸರಿನಲ್ಲಿ ನೋಂದಾಯಿಸಿಕೊಳ್ಳಿ. ಮನೆ ಬಿಡುವ ದಿನ ಬಂದರೆ ಹೆಸರು ನಿಮ್ಮ ಜೊತೆಗೆ ಬರಬೇಕು.

ಇವೆಲ್ಲಕ್ಕಿಂತ ಮೇಲಾದುದು ಗೌಪ್ಯದ ವಿಷಯ. ಸಾಮಾನ್ಯ ತಾಣವನ್ನು ನೇರವಾಗಿ ನೋಡುವಾಗ ಬ್ರೌಸರಿನಲ್ಲಿ ಬೀಗದ ಗುರುತು ಇದ್ದರೆ, ನಡುದಾರಿಯಲ್ಲಿ ಯಾರೂ ಓದಲಾರರು ಎಂದು ನಾವು ನಂಬುತ್ತೇವೆ. ಆದರೆ ಪುಟದ ಮೇಲಿನ ಪೆಟ್ಟಿಗೆಯಲ್ಲಿ ವಿಳಾಸ ಟೈಪು ಮಾಡಿ ನೋಡುವ ಬಗೆಯ ಪ್ರಾಕ್ಸಿ ತಾಣದಲ್ಲಿ ಆ ಬೀಗ ಪ್ರಾಕ್ಸಿಯವರೆಗೆ ಮಾತ್ರ. ಅಲ್ಲಿ ಲಕೋಟೆ ಒಡೆದು, ಓದಿ, ಮತ್ತೊಂದು ಲಕೋಟೆಗೆ ಹಾಕಿ ಮುಂದಕ್ಕೆ ಕಳುಹಿಸಲಾಗುತ್ತದೆ. ಮಾವನವರ ಪಾಸ್‌ವರ್ಡು, ಆಧಾರ್ ಸಂಖ್ಯೆ, ಓಟಿಪಿ ಎಲ್ಲವೂ ಆ ಕ್ಷಣ ಬಾಡಿಗೆ ಯಂತ್ರದ ನೆನಪಿನಲ್ಲಿ ಬೀಗವಿಲ್ಲದೆ ಇರುತ್ತವೆ. ಆ ಯಂತ್ರಕ್ಕೆ ನುಗ್ಗಿದವನಿಗೆ ಮೂವತ್ತು ಮನೆಗಳ ಬೀಗದಕೈ ಸಿಕ್ಕಂತೆ.

ಇದು ಕೇವಲ ಕಲ್ಪನೆಯಲ್ಲ. 2007ರ ನಂತರ ಗ್ಲೈಪ್ ಎಂಬ ಉಚಿತ ತಂತ್ರಾಂಶವನ್ನಿಟ್ಟುಕೊಂಡು ಸಾವಿರಾರು ಪ್ರಾಕ್ಸಿ ತಾಣಗಳು ಹುಟ್ಟಿಕೊಂಡವು. ಶಾಲೆ, ಕಚೇರಿಗಳಲ್ಲಿ ಮುಚ್ಚಿದ ತಾಣಗಳನ್ನು ನೋಡಲು ಹುಡುಗರು ಅವುಗಳನ್ನು ಬಳಸುತ್ತಿದ್ದರು. ನಡೆಸುವವರು ಜಾಹೀರಾತಿನಿಂದ ನಾಲ್ಕು ಕಾಸು ಕಾಣುತ್ತಿದ್ದರು. 2010ರಲ್ಲಿ ಸ್ವಿಟ್ಸರ್ಲೆಂಡಿನ ಭದ್ರತಾ ಸಂಶೋಧಕರೊಬ್ಬರು ಪರೀಕ್ಷಿಸಿದಾಗ, ಅಂಥ ಎಷ್ಟೋ ತಾಣಗಳಲ್ಲಿ ಯಾರು ಏನು ನೋಡಿದರು ಎಂಬ ದಾಖಲೆಗಳು ಯಾರು ಬೇಕಾದರೂ ತೆರೆದು ಓದುವಂತೆ ಬಿದ್ದಿದ್ದವು. ಗುಟ್ಟಾಗಿ ನೋಡುತ್ತೇವೆಂದು ನಂಬಿದವರ ಹೆಜ್ಜೆಗುರುತುಗಳೇ ಬಯಲಾಗಿದ್ದವು. ನಡೆಸಿದವರು ದುಷ್ಟರೆಂದೇನೂ ಅಲ್ಲ. ಬಾಡಿಗೆ ಕಟ್ಟಿ, ತಂತ್ರಾಂಶ ಹಾಕಿ, ಮರೆತುಬಿಟ್ಟಿದ್ದರು ಅಷ್ಟೆ.

ಆದ್ದರಿಂದ ಪೆಟ್ಟಿಗೆಯ ಬಗೆಯ ಪ್ರಾಕ್ಸಿ ಬೇಡವೆಂದೇ ನನ್ನ ಸಲಹೆ. ಬ್ರೌಸರಿನ ಸಂರಚನೆಯಲ್ಲಿಯೇ ವಿಳಾಸ ಕೊಟ್ಟು ಬಳಸುವ ಇನ್ನೊಂದು ಬಗೆಯಿದೆ. ಅದರಲ್ಲಿ ಪ್ರಾಕ್ಸಿಯು ಬರಿಯ ಕೊಳವೆಯಂತೆ ಕೆಲಸ ಮಾಡುತ್ತದೆ. ಬೀಗ ಹಾಕಿದ ಲಕೋಟೆಯನ್ನು ಒಡೆಯದೆ ಮುಂದಕ್ಕೆ ದಾಟಿಸುತ್ತದೆ. ಯಾವ ತಾಣಕ್ಕೆ ಹೋಯಿತೆಂಬುದು ಗೊತ್ತಾದೀತು, ಒಳಗೇನಿತ್ತೆಂಬುದು ಗೊತ್ತಾಗುವುದಿಲ್ಲ. ನೆಂಟರಿಗೆ ಹೊಂದಿಸಿಕೊಡುವುದು ತುಸು ತಾಪತ್ರಯ, ಒಂದು ಭಾನುವಾರ ಫೋನಿನಲ್ಲಿ ಕಳೆಯಬೇಕಾದೀತು. ಆದರೆ ಇತರರ ಪತ್ರವನ್ನು ಓದುವ ಅವಕಾಶವೇ ನಮಗಿಲ್ಲದಿರುವುದು ಓದದೆ ಇರುತ್ತೇವೆಂದು ಮಾತು ಕೊಡುವುದಕ್ಕಿಂತ ಮೇಲು.

ಮುಂದಿನದು ಕಾನೂನು. ಜಾಗವನ್ನು ಯಾವ ದೇಶದಲ್ಲಿ ಹಿಡಿಯುತ್ತೇವೆಯೋ ಆ ದೇಶದ ಕಾನೂನು ನಮ್ಮ ಯಂತ್ರಕ್ಕೆ ಅನ್ವಯಿಸುತ್ತದೆ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆ 2000ದ ಪ್ರಕಾರ ಹೋಸ್ಟಿಂಗ್ ಕಂಪನಿಯೂ ಒಬ್ಬ ‘ಮಧ್ಯವರ್ತಿ’. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಹೊರಡಿಸಿದ ನಿರ್ದೇಶನವನ್ನು ಪ್ರಾಕ್ಸಿ ನಡೆಸಬೇಕೆನ್ನುವವರು ಓದಲೇಬೇಕು. ಡೇಟಾ ಸೆಂಟರ್, ವಿಪಿಎಸ್, ಕ್ಲೌಡ್, ವಿಪಿಎನ್ ಸೇವೆಗಳನ್ನು ಕೊಡುವವರು ಗ್ರಾಹಕರ ಹೆಸರು, ವಿಳಾಸ, ದೂರವಾಣಿ, ಕೊಟ್ಟ ಐಪಿ ವಿಳಾಸ ಮೊದಲಾದವನ್ನು ಕನಿಷ್ಠ ಐದು ವರ್ಷ ಇಟ್ಟುಕೊಳ್ಳಬೇಕು. ಲಾಗುಗಳನ್ನು 180 ದಿನ ಉಳಿಸಿಕೊಳ್ಳಬೇಕು. ಭದ್ರತಾ ಅವಘಡಗಳನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು ಎಂದು ಅದರಲ್ಲಿದೆ. ಇದನ್ನು ಒಪ್ಪದ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಮುಂತಾದವು 2022ರಲ್ಲಿಯೇ ತಮ್ಮ ಸರ್ವರುಗಳನ್ನು ಭಾರತದಿಂದ ತೆಗೆದವು. ಆ ನಿರ್ದೇಶನ ಸರಿಯೋ ತಪ್ಪೋ ಎಂಬ ಚರ್ಚೆಗೆ ಎರಡು ಪಕ್ಷಗಳೂ ಇವೆ. ನನಗೆ ಎದ್ದು ಕಂಡದ್ದು ಒಂದು ಅಂಶ: ‘ಯಾವ ಉದ್ದೇಶಕ್ಕಾಗಿ ಸೇವೆ ಪಡೆಯಲಾಗಿದೆ’ ಎಂಬುದನ್ನೂ ದಾಖಲಿಸಬೇಕೆಂದು ಅದರಲ್ಲಿದೆ. ಅಂದರೆ ನಾನು ಮೇಲೆ ಹೇಳಿದ ಪ್ರಶ್ನೆಯನ್ನೇ ಅದೂ ಕೇಳುತ್ತಿದೆ. ‘ವೈಯಕ್ತಿಕ ಜಾಲತಾಣ’ ಎಂದು ಬರೆದು ಪ್ರಾಕ್ಸಿ ಇಡುವವನು ಮೊದಲ ದಿನವೇ ಸುಳ್ಳು ಹೇಳಿದಂತಾಯಿತು.

ಸರ್ವರು ಇರುವ ದೇಶದ ಕಾನೂನಷ್ಟೇ ಸಾಲದು. ಬಳಸುವವರು ಇರುವ ದೇಶದ ಕಾನೂನನ್ನೂ ನೋಡಬೇಕು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ, ಅಪರಾಧವೆಸಗಲು ಅಥವಾ ಅದು ಪತ್ತೆಯಾಗದಂತೆ ತಡೆಯಲು ಐಪಿ ವಿಳಾಸವನ್ನು ಮರೆಮಾಚಿದರೆ ಕನಿಷ್ಠ 5 ಲಕ್ಷ, ಗರಿಷ್ಠ 20 ಲಕ್ಷ ದಿರ್ಹಮ್‌ವರೆಗೆ ದಂಡವೆಂದು 2016ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. 2021ರ ಹೊಸ ಕಾನೂನಿನಲ್ಲಿಯೂ ಅಂಥ ವಿಧಿಯಿದೆ. ಊರಿನ ಜಮೀನಿನ ದಾಖಲೆ ನೋಡುವುದು ಅಪರಾಧವಲ್ಲ ನಿಜ. ಆದರೆ ಅದೇ ದಾರಿಯಿಂದ ಅಲ್ಲಿ ನಿಷೇಧಿಸಿದ್ದನ್ನು ಮಾವನವರ ಕೋಣೆಯ ಜೊತೆಗಾರನೊಬ್ಬ ನೋಡಿದರೆ? ಬೆಂಗಳೂರಿನಲ್ಲಿ ಕುಳಿತ ನಿನಗೆ ಹೋಗುವುದು ಒಂದು ಸರ್ವರು. ಮಾವನಿಗೆ ಹೋಗುವುದು ಇಪ್ಪತ್ತು ವರ್ಷದ ಕೆಲಸ, ಅದನ್ನು ನಂಬಿದ ಊರಿನ ಮನೆ. ಪ್ರಾಕ್ಸಿ ನಡೆಸುವವನ ಅಜಾಗರೂಕತೆಗೆ ದಂಡ ತೆರುವವನು ಎಷ್ಟೋ ಸಲ ಬೇರೆಯವನಾಗಿರುತ್ತಾನೆ. ಅದಕ್ಕಾಗಿಯೇ, ಯಾವ ತಾಣಗಳಿಗೆ ಮಾತ್ರ ದಾರಿ ಎಂಬ ಪಟ್ಟಿಯನ್ನು ನಾನು ಖರ್ಚಿನ ಲೆಕ್ಕಕ್ಕೆ ಮಾತ್ರ ಹೇಳಿದ್ದಲ್ಲ.

ನೆರೆಹೊರೆಯ ಮಾತೂ ಇದೆ. ಬಾಡಿಗೆಗೆ ಸಿಗುವ ಐಪಿ ವಿಳಾಸಕ್ಕೆ ಹಿಂದಿನ ಬಾಡಿಗೆದಾರನ ಕೀರ್ತಿಯೋ ಅಪಕೀರ್ತಿಯೋ ಅಂಟಿಕೊಂಡಿರುತ್ತದೆ. ಅದರಿಂದ ಹಿಂದೆ ಕಸದಂಚೆ ಹೋಗಿದ್ದರೆ ಇಂದು ನಿಮಗೂ ಎಷ್ಟೋ ಬಾಗಿಲುಗಳು ಮುಚ್ಚಿರುತ್ತವೆ. ಎಲ್ಲರಿಗೂ ತೆರೆದಿಟ್ಟ ಪ್ರಾಕ್ಸಿಗಳ ಮೂಲಕ ತಿದ್ದುವುದನ್ನು ವಿಕಿಪೀಡಿಯ ತಡೆಯುತ್ತದೆ. ಹೋಸ್ಟಿಂಗ್ ಕಂಪನಿಗಳ ಎಷ್ಟೋ ವಿಳಾಸಗಳೂ ಹಾಗೆಯೇ ತಡೆಗೊಳಗಾಗಿರುವುದರಿಂದ, ಕನ್ನಡ ವಿಕಿಪೀಡಿಯದಲ್ಲಿ ಬರೆಯುವ ನಮ್ಮ ಮಿತ್ರರಿಗೆ ಈ ದಾರಿ ಉಪಯೋಗಕ್ಕೆ ಬಾರದಿರಬಹುದು. ಆದ್ದರಿಂದ ಒಂದು ವರ್ಷಕ್ಕೆ ಒಟ್ಟಿಗೆ ಹಣ ಕಟ್ಟದೆ ಮೊದಲು ಒಂದು ತಿಂಗಳಿಗೆ ಹಿಡಿದು, ಬೇಕಾದ ತಾಣಗಳು ಅಲ್ಲಿಂದ ತೆರೆಯುತ್ತವೆಯೇ ಎಂದು ನೋಡುವುದು ಜಾಣತನ. ಇನ್ನೊಂದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಯಾವುದಾದರೂ ತಾಣ ತನ್ನ ನಿಯಮಗಳಲ್ಲಿ ಪ್ರಾಕ್ಸಿ ಕೂಡದೆಂದು ಬರೆದಿದ್ದರೆ ಅದು ನಮ್ಮ ಪಟ್ಟಿಯಲ್ಲಿ ಇರಕೂಡದು. ಆ ಒಂದು ಕೆಲಸವನ್ನು ಊರಿನಲ್ಲಿರುವವರು ಅಧಿಕೃತವಾಗಿ ಅಧಿಕಾರಪತ್ರ ಪಡೆದು ಮಾಡಿಕೊಡಲಿ.

‘ಮೂವತ್ತು ಮನೆಯ ಸಣ್ಣ ವ್ಯವಹಾರಕ್ಕೆ ಇಷ್ಟೆಲ್ಲ ಬೇಕೇ ಸರ್? ಉಚಿತ ಪ್ರಾಕ್ಸಿಗಳು ಬೇಕಾದಷ್ಟಿವೆಯಲ್ಲ’ ಎಂದು ಅವನು ಕೇಳಿಯಾನು. ಉಚಿತವಾಗಿ ಸಿಗುವವರ ಕತೆಗೆ ಹೋಲಾ ಎಂಬ ಸೇವೆಯನ್ನು ನೋಡಬಹುದು. ಅದನ್ನು ಬಳಸುತ್ತಿದ್ದವರ ಮನೆಯ ಸಂಪರ್ಕವನ್ನೇ ಇನ್ನೊಂದು ಹೆಸರಿನಲ್ಲಿ ಇತರರಿಗೆ ಮಾರಲಾಗುತ್ತಿತ್ತೆಂಬುದು 2015ರಲ್ಲಿ ವ್ಯಾಪಕವಾಗಿ ಸುದ್ದಿಯಾಯಿತು. ಸೇವೆ ಪಡೆಯುತ್ತಿದ್ದೇವೆಂದುಕೊಂಡವರೇ ಸರಕಾಗಿದ್ದರು. ಸರ್ವರಿಗೆ, ವಿದ್ಯುತ್ತಿಗೆ, ಬ್ಯಾಂಡ್‌ವಿಡ್ತಿಗೆ ಯಾರೋ ಹಣ ಕಟ್ಟುತ್ತಲೇ ಇರುತ್ತಾರೆ. ಆ ಹಣ ಎಲ್ಲಿಂದ ಬರುತ್ತಿದೆ ಎಂಬುದು ಗೊತ್ತಿಲ್ಲದ ಕಡೆ ಪಾಸ್‌ವರ್ಡ್ ಟೈಪು ಮಾಡಬೇಡಿ. ಮೂವತ್ತು ಮನೆಯವರು ತಿಂಗಳಿಗಿಷ್ಟೆಂದು ಸಮನಾಗಿ ಹಂಚಿಕೊಂಡು ನಡೆಸುವ ಪ್ರಾಕ್ಸಿಯೇ ಅದಕ್ಕಿಂತ ಎಷ್ಟೋ ಪಾಲು ಗೌರವದ್ದು. ಇನ್ನು ಸಣ್ಣದೆಂಬ ಮಾತು: ಪಾಸ್‌ವರ್ಡ್ ಇಲ್ಲದೆ ತೆರೆದಿಟ್ಟ ಪ್ರಾಕ್ಸಿ ಸಣ್ಣದಾಗಿ ಉಳಿಯುವುದಿಲ್ಲ. ತೆರೆದ ಪ್ರಾಕ್ಸಿಗಳನ್ನು ಹುಡುಕುತ್ತಲೇ ಇರುವ ಯಂತ್ರಗಳಿವೆ. ಅಪರಿಚಿತರು ಅದರ ಮೂಲಕ ಕಸದಂಚೆ ಕಳುಹಿಸುತ್ತಾರೆ, ದೂರು ಹೋಸ್ಟಿಂಗ್ ಕಂಪನಿಗೆ ಬರುತ್ತದೆ, ಕಂಪನಿ ನಿಮ್ಮ ಖಾತೆಯನ್ನು ಮುಚ್ಚುತ್ತದೆ. ಅದೇ ಖಾತೆಯಲ್ಲಿ ಮಗಳ ನೃತ್ಯದ ತಾಣವಿದ್ದರೂ ಅದರೊಂದಿಗೆ ಹೋಗುತ್ತದೆ.

ಹಾಗಾದರೆ ಆರಿಸುವುದು ಹೇಗೆ? ಹಣ ಕಟ್ಟುವ ಮುಂಚೆ ಆ ನಾಲ್ಕೂ ಕಂಪನಿಗಳಿಗೆ ಒಂದೇ ಪತ್ರವನ್ನು ಬರೆ. ‘ಮೂವತ್ತು ಕುಟುಂಬಗಳಿಗಾಗಿ, ಪಾಸ್‌ವರ್ಡ್ ಇರುವ, ಇಂಥ ತಾಣಗಳಿಗೆ ಮಾತ್ರ ದಾರಿ ಕೊಡುವ ಒಂದು ಪ್ರಾಕ್ಸಿಯನ್ನು ನಿಮ್ಮ ವಿಪಿಎಸ್‌ನಲ್ಲಿ ಇಡಬೇಕೆಂದಿದ್ದೇನೆ. ನಿಮ್ಮ ನಿಯಮಗಳು ಒಪ್ಪುತ್ತವೆಯೇ? ತಿಂಗಳಿಗೆ ಸುಮಾರು 350 ಜಿಬಿ ಬಳಕೆಯಾದೀತು, ಒಳಬರುವುದನ್ನೂ ಎಣಿಸುತ್ತೀರಾ? ದೂರು ಬಂದರೆ ಮುಚ್ಚುವ ಮುಂಚೆ ನನಗೆ ಎಷ್ಟು ಗಂಟೆ ಸಮಯ ಕೊಡುತ್ತೀರಿ? ಯಾವ ಊರಿನ ಕೇಂದ್ರದಲ್ಲಿ ಯಂತ್ರವಿದೆ? ಬಿಟ್ಟುಹೋಗುವಾಗ ನನ್ನ ಡಿಸ್ಕನ್ನು ಅಳಿಸುತ್ತೀರಾ?’ ಇಷ್ಟು ಸಾಕು. ಯಾರು ಮನುಷ್ಯರ ಭಾಷೆಯಲ್ಲಿ, ಪ್ರಶ್ನೆಗೆ ಪ್ರಶ್ನೆಯಂತೆ ಉತ್ತರ ಬರೆಯುತ್ತಾರೋ ಅವರನ್ನು ಆರಿಸು. ‘ಇಡಕೂಡದು’ ಎಂದು ನೇರವಾಗಿ ಹೇಳಿದವರನ್ನೂ ಗೌರವಿಸು. ಬೇರೆ ಕೆಲಸಕ್ಕೆ ಅವರು ಒಳ್ಳೆಯವರೇ. ‘ಮೊದಲು ಕಟ್ಟಿ, ಆಮೇಲೆ ನೋಡೋಣ’ ಎನ್ನುವವರನ್ನು ಬಿಟ್ಟುಬಿಡು. ನಡುರಾತ್ರಿ ತೊಂದರೆಯಾದಾಗ ನೀನು ಮಾತನಾಡಬೇಕಾದದ್ದು ಇವರ ಜೊತೆಗೇ.

ಇಂಥದೇ ಇನ್ನೊಂದು ಪತ್ರವನ್ನು ಮೂವತ್ತು ಮನೆಯವರಿಗೂ ಬರೆಯಬೇಕು. ಯಂತ್ರ ಎಲ್ಲಿದೆ, ಯಾವ ದಾಖಲೆ ಎಷ್ಟು ದಿನ ಉಳಿಯುತ್ತದೆ, ಏನು ನನಗೆ ಕಾಣುತ್ತದೆ, ಏನು ಕಾಣುವುದಿಲ್ಲ, ಸರ್ಕಾರ ಕೇಳಿದರೆ ಏನು ಕೊಡಬೇಕಾಗುತ್ತದೆ ಎಂಬುದನ್ನು ಸರಳವಾಗಿ ತಿಳಿಸಬೇಕು. ಬ್ಯಾಂಕಿನ ವ್ಯವಹಾರ ಈ ದಾರಿಯಲ್ಲಿ ಬೇಡವೆಂದು ಸ್ಪಷ್ಟವಾಗಿ ಹೇಳಬೇಕು. ಅದನ್ನೋದಿ ಹತ್ತು ಮನೆಯವರು ಬೇಡವೆಂದರೆ ಹತ್ತು ಮನೆ ಕಡಿಮೆಯಾಯಿತು ಅಷ್ಟೆ. ಉಳಿದವರು ತಿಳಿದು ನಂಬಿದವರು. ವರ್ಷಕ್ಕೊಮ್ಮೆ, ಈ ಪ್ರಾಕ್ಸಿ ಇನ್ನೂ ಬೇಕೇ ಎಂದು ಎಲ್ಲರನ್ನೂ ಕೇಳಿ, ಬೇಡವಾದರೆ ಮುಚ್ಚಿ, ಡಿಸ್ಕು ಅಳಿಸಿ ಬೀಗದಕೈ ಹಿಂದಿರುಗಿಸಬೇಕು.

ಈ ಎರಡು ಪತ್ರಗಳನ್ನು ಸಂಕೋಚವಿಲ್ಲದೆ ಬರೆಯಲು ಸಾಧ್ಯವಾದರೆ, ಆ ನಾಲ್ಕು ಕಂಪನಿಗಳಲ್ಲಿ ಯಾವುದಕ್ಕೆ ಗುರುತು ಹಾಕಬೇಕೆಂಬುದು ಅವನಿಗೇ ಗೊತ್ತಾಗುತ್ತದೆ. ನಿಮ್ಮಲ್ಲಿ ಅನೇಕರು ಇದೇ ಉದ್ಯೋಗದಲ್ಲಿದ್ದೀರಿ. ನಾನು ಹೇಳಿದ್ದಕ್ಕೆ ಸೇರಿಸಬೇಕಾದುದಿದ್ದರೆ ಅಥವಾ ಭಿನ್ನಾಭಿಪ್ರಾಯವಿದ್ದರೆ ಖಂಡಿತ ಬರೆಯಿರಿ. ಅವನೂ ಓದುತ್ತಾನೆ, ನಾನೂ ಓದುತ್ತೇನೆ.